ಜೀಪಿನ ಚಕ್ರವೂ ವೃತ್ತದ ಪಾಠವೂ

ಕೂಕಲ್ತೊರೈಯಲ್ಲಿ ನಮ್ಮ ಕ್ಯಾರೆಟ್ ಹೊಲಕ್ಕೆ ಹೋಗುವ ದಾರಿಯಲ್ಲಿ ಹಳೆಯ ಮಹೀಂದ್ರ ಜೀಪಿನ ಹೊಟ್ಟೆ ಕಲ್ಲಿಗೆ ತಾಗುತ್ತಿತ್ತು. ಮೊಮ್ಮಗನ ಮಾತಿಗೆ ಒಪ್ಪಿ, 6.00-16 ಅಳತೆಯ ಟೈರುಗಳನ್ನು ತೆಗೆಸಿ 7.00-16 ಹಾಕಿಸಿದೆವು. ಗಾಡಿ ಎತ್ತರವಾಗಿ ಕಂಡಿತು. ನಮಗೂ ತುಸು ಹೆಮ್ಮೆಯೆನಿಸಿತು.

ಮರುದಿನ ಮೂಟೆಗಳನ್ನು ಹೇರಿಕೊಂಡು, ನಮ್ಮ ಶ್ರೀಮತಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೋಟಗಿರಿಯ ಕಡೆಗೆ ಹೊರಟೆವು. ಏರಿನಲ್ಲಿ ಎಂಜಿನ್ ತಿಣುಕಿತು. ಇಳಿಜಾರಿನ ತಿರುವಿನಲ್ಲಿ ಎರಡನೆಯ ಗೇರು ಗಾಡಿಯನ್ನು ಮೊದಲಿನಂತೆ ಹಿಡಿಯಲಿಲ್ಲ. ಬ್ರೇಕನ್ನು ಪೂರ್ತಿ ತುಳಿದರೂ, ಕಣಿವೆಯ ಅಂಚು ಒಂದು ಮಾರು ದೂರವಿದ್ದಾಗಲಷ್ಟೇ ನಿಂತಿತು. ಶ್ರೀಮತಿಯವರು ಸಂಜೆಯವರೆಗೂ ನಮ್ಮೊಡನೆ ಮಾತನಾಡಲಿಲ್ಲ.

ಆ ರಾತ್ರಿ ಕಾಗದ ಹಿಡಿದು ಲೆಕ್ಕ ಹಾಕಿದೆವು. ವ್ಯಾಸವು ಎರಡು ಅಂಗುಲ ಹೆಚ್ಚಿದರೆ ಜೀಪಿನ ಹೊಟ್ಟೆ ಮೇಲೇರುವುದು ಒಂದೇ ಅಂಗುಲ. ಆದರೆ ಚಕ್ರದ ಪ್ರತಿ ಸುತ್ತಿಗೂ ಗಾಡಿ ಆರು ಅಂಗುಲಕ್ಕೆ ಮಿಕ್ಕಿ ಹೆಚ್ಚು ದೂರ ಉರುಳುತ್ತದೆ. ಅದರಿಂದ ಗೇರಿನ ಬಲವೂ ಬ್ರೇಕಿನ ಹಿಡಿತವೂ ಕುಗ್ಗುತ್ತವೆ. ವೇಗಮಾಪಕವು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ವೃತ್ತದ ಪರಿಧಿಯನ್ನು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದ ನಾವು, ಹಣ ಕೊಡುವ ಮುನ್ನ ಈ ಲೆಕ್ಕ ಮಾಡಿರಲಿಲ್ಲ!

ಹಳೆಯ ಅಳತೆಯ ಟೈರುಗಳೇ ಮರಳಿ ಬಂದವು. ದಾರಿಯ ಕಲ್ಲುಗಳನ್ನು ನಾವೂ ಮೊಮ್ಮಗನೂ ಹಾರೆ ಹಿಡಿದು ಕಿತ್ತೆವು. ಅದಕ್ಕೆ ಎರಡು ದಿನ ಸಾಕಾಯಿತು.