ಸೇಲಂನ ಸೆಕೆಗೊಂದು ಕೌದಿ

ಸೇಲಂನಲ್ಲಿ ಕೂತು ಕೌದಿಯ ವಿನ್ಯಾಸ ಮಾಡುವುದು ನನ್ನ ಕಸುಬು ಅಂದರೆ, ಕೇಳಿದವರು ಒಮ್ಮೆ ನನ್ನ ಮುಖ ನೋಡುತ್ತಾರೆ, ಆಮೇಲೆ ಮೇಲೆ ತಿರುಗುವ ಫ್ಯಾನು ನೋಡುತ್ತಾರೆ. ಅವರದೂ ತಪ್ಪಲ್ಲ. ಬಡಗಣಕ್ಕೆ ನಗರಮಲೆ, ತೆಂಕಣಕ್ಕೆ ಜರುಗುಮಲೆ, ಪಡುವಣಕ್ಕೆ ಕಂಜಮಲೆ, ಮೂಡಣಕ್ಕೆ ಗೋಡುಮಲೆ. ನಡುವೆ ಬಾಣಲೆಯಂತೆ ಕಾಯುವ ಊರು. ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಸಾಲಕ್ಕೆಂದು ಹೋಗಿದ್ದ ಬ್ಯಾಂಕೊಂದರಲ್ಲಿ ಅಧಿಕಾರಿ ನನ್ನ ಕಾಗದಗಳನ್ನೆಲ್ಲ ತಿರುವಿ ಹಾಕಿ, ಬಹಳ ಕನಿಕರದಿಂದ, "ಇದನ್ನ ಊಟಿಯಲ್ಲಿ ಮಾಡಬಹುದಲ್ಲಮ್ಮಾ?" ಎಂದಿದ್ದರು.

ಕೌದಿಯನ್ನು ಹೊದೆಯುತ್ತಾರೆ ಎಂದುಕೊಂಡವರ ಪ್ರಶ್ನೆ ಅದು. ನಮ್ಮ ಮನೆಯಲ್ಲಿ ಅದನ್ನು ಹೊದ್ದವರನ್ನು ನಾನು ಕಂಡವಳಲ್ಲ. ಹಾಸಿದವರನ್ನು ಕಂಡಿದ್ದೇನೆ, ಮಡಿಸಿ ಅದರ ಮೇಲೆ ಕೂತವರನ್ನು ಕಂಡಿದ್ದೇನೆ. ನಾವು ಅಮ್ಮಾಪೇಟೆಯ ಕಡೆಯ ದೇವಾಂಗರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಚೌಡೇಶ್ವರಿಯ ಹಬ್ಬದಲ್ಲಿ ಎರಡೂ. ಅಪ್ಪ ನೇಯುತ್ತಿದ್ದುದು ಬಿಳಿ ರೇಷ್ಮೆ ಪಂಚೆ. ಮದುವೆ ಗಂಡುಗಳು ಉಡುವ, ಈಗ ಭೌಗೋಳಿಕ ಗುರುತಿನ ಪಟ್ಟಿಗೂ ಸೇರಿರುವ ಸೇಲಂ ವೆಣ್‌ಪಟ್ಟು. ಗುಂಡಿಮಗ್ಗದಲ್ಲಿ ನೇಯುವವರು ಕಾಲನ್ನು ಗುಂಡಿಗೆ ಇಳಿಬಿಟ್ಟು ಅದರ ಅಂಚಿನ ಮೇಲೆ ದಿನವಿಡೀ ಕೂತಿರಬೇಕು. ಆ ಅಂಚಿನ ಮೇಲೆ ಅಪ್ಪನ ಕೆಳಗೆ ಇರುತ್ತಿದ್ದುದು ನಾಲ್ಕು ಮಡಿಕೆಯ ಕೌದಿ. ಊರಿನ ಶ್ರೀಮಂತರ ಮದುವೆಗಳಿಗೆಲ್ಲ ರೇಷ್ಮೆ ನೇಯ್ದವರ ಕೆಳಗೆ ಹಳೆಯ ಸೀರೆ ಚೂರುಗಳು! ರೇಷ್ಮೆಯ ಮೇಲೆ ಯಾವ ನೇಕಾರನೂ ಕೂರುವುದಿಲ್ಲ, ಅದು ಜಾರುತ್ತದೆ ಎಂಬುದೂ ಒಂದು ಕಾರಣ.

ಬೇಸಿಗೆಯಲ್ಲಿ ಅದರ ನಿಜವಾದ ಕೆಲಸ ರಾತ್ರಿ ಶುರುವಾಗುತ್ತಿತ್ತು. ಮಾಳಿಗೆ ಹಗಲೆಲ್ಲ ಕುಡಿದ ಬಿಸಿಲನ್ನು ನಡುರಾತ್ರಿವರೆಗೂ ಉಗುಳುತ್ತಿರುತ್ತದೆ. ಅವ್ವ ಸಂಜೆಗೆ ನೀರು ಚಿಮುಕಿಸಿ, ಅದು ಆರಿದ ಮೇಲೆ ಕೌದಿ ಹಾಸುತ್ತಿದ್ದರು. ಏಳೆಂಟು ಪದರದ ಹಳೇ ಹತ್ತಿ ಬಟ್ಟೆ ನೆಲದ ಕಾವನ್ನು ಬೆನ್ನಿಗೆ ಬಿಡುವುದಿಲ್ಲ, ಬೆನ್ನಿನ ಬೆವರನ್ನು ತಾನು ಹೀರಿಕೊಳ್ಳುತ್ತದೆ. ಒಳಗೆ ಹತ್ತಿ ತುಂಬಿದ ಹಾಸಿಗೆಗೆ ಈ ಗುಣವಿಲ್ಲ, ಅದು ಕಾವನ್ನು ಹಿಡಿದಿಟ್ಟುಕೊಂಡು ಮಲಗಿದವರನ್ನು ಬೇಯಿಸುತ್ತದೆ. ಆದ್ದರಿಂದ ನಮ್ಮ ಸೀಮೆಯ ಕೌದಿಗೆ ಹೊಟ್ಟೆಯಿಲ್ಲ, ಬರೀ ಪದರಗಳು. ತೆಳ್ಳಗೆ ಇರಬೇಕು, ತೂಕವಾಗಿ ಇರಬೇಕು, ಗಾಳಿಗೆ ಮೂಲೆ ಮಡಚಬಾರದು. ನಾನು ಇವತ್ತಿಗೂ ವಿನ್ಯಾಸ ಶುರುಮಾಡುವುದು ಬಣ್ಣದಿಂದಲ್ಲ, ತಕ್ಕಡಿಯಿಂದ. ಬಟ್ಟೆ ತೂಗಿ, ಪದರ ಎಣಿಸಿ, ನೆಲದ ಮೇಲೆ ಹಾಸಿ, ಫ್ಯಾನನ್ನು ಜೋರಾಗಿ ಬಿಡುತ್ತೇನೆ. ಮೂಲೆ ಎದ್ದರೆ ಇನ್ನೊಂದು ಪದರ.

ಅಜ್ಜಿ ಕತ್ತರಿ ಬಳಸುತ್ತಿರಲಿಲ್ಲ. ಹಲ್ಲಿನಿಂದ ಒಂದು ಗಾಯ ಮಾಡಿ ಪರ್ರನೆ ಹರಿಯುತ್ತಿದ್ದರು. ಹರಿದರೆ ಬಟ್ಟೆ ನೂಲಿನ ದಾರಿಯಲ್ಲೇ ಹರಿಯುತ್ತದೆ, ಅಂಚು ತಾನಾಗಿ ನೇರ ಬರುತ್ತದೆ. ಕತ್ತರಿ ಹಿಡಿದ ಕೈ ಮಾತ್ರ ಎತ್ತಲೋ ಸೊಟ್ಟ ಹೋಗುತ್ತದೆ. ಹೊಲಿಯುವ ದಾರವನ್ನೂ ಕೊಂಡವರಲ್ಲ. ಮಗ್ಗದಲ್ಲಿ ಒಂದು ಹಾಸು ಮುಗಿದಾಗ ಅಚ್ಚಿನ ಹಿಂದೆ ನೇಯಲಾಗದೆ ಮೊಳದುದ್ದದ ನೂಲುಗಳು ಉಳಿಯುತ್ತವೆ. ಪಕ್ಕದ ಮನೆಗಳ ಹತ್ತಿ ಮಗ್ಗಗಳಿಂದ ಆ ತುದಿಗಳನ್ನು ತಂದು, ಗಂಟು ಹಾಕಿ, ಎರಡೆಳೆ ಹೊಸೆದರೆ ದಾರವಾಯಿತು. ನಾನು ಈಗ ಉರುಳುವ ಬ್ಲೇಡು, ಗೆರೆ ಹಾಕಿದ ಪ್ಲಾಸ್ಟಿಕ್ ಹಲಗೆ, ಕಂಪ್ಯೂಟರಿನಲ್ಲಿ ಬಿಡಿಸಿದ ನಕ್ಷೆ ಎಲ್ಲ ಇಟ್ಟುಕೊಂಡಿದ್ದೇನೆ. ಆದರೂ ಗುಟ್ಟಾಗಿ ಹರಿಯುವುದೇ ಹೆಚ್ಚು.

ಹಳೆಯ ಕೌದಿಯ ಪದರ ಬಿಚ್ಚಿ ನೋಡುವುದು ನನ್ನ ಚಟ. ತಮಿಳುನಾಡು ಸರ್ಕಾರ 1983ರಲ್ಲಿ, ಎಂ.ಜಿ.ಆರ್. ಕಾಲದಲ್ಲಿ, ಪೊಂಗಲ್ ಹಬ್ಬಕ್ಕೆ ಬಡವರಿಗೆ ಪುಕ್ಕಟೆ ಸೀರೆ-ಪಂಚೆ ಕೊಡುವ ಯೋಜನೆ ತಂದಿತು. ಮಗ್ಗದವರಿಗೆ ಕೆಲಸವಾಗಲಿ, ಬಡವರಿಗೆ ಬಟ್ಟೆಯಾಗಲಿ ಎಂದು. ಅದಾದ ಮೇಲೆ ಹೊಲಿದ ಕೌದಿಗಳಲ್ಲಿ ನಡುವಿನ ಒಂದು ಪದರವಾದರೂ ರೇಷನ್ ಅಂಗಡಿಯ ಸೀರೆ ಇರದಿದ್ದರೆ ನನಗೆ ಆಶ್ಚರ್ಯ. ಮೇಲ್ಪದರಕ್ಕೆ ಅದನ್ನು ಯಾರೂ ಹಾಕುವುದಿಲ್ಲ, ಬೀದಿಗೆಲ್ಲ ಒಂದೇ ಅಂಚು, ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ! ಆದರೆ ನಡುಪದರಕ್ಕೆ ಅಡ್ಡಿಯಿಲ್ಲ. ಸರ್ಕಾರ ಹೀಗೆ ಎಷ್ಟೋ ಮನೆಗಳ ಕೌದಿಯೊಳಗೆ ಸದ್ದಿಲ್ಲದೆ ಮಲಗಿದೆ. ಅಂಚು ನೋಡಿ, "ಇದು ಇಂಥ ವರ್ಷದ ಪೊಂಗಲ್‌ದು, ಅವತ್ತು ನಿನ್ನ ಅತ್ತೆ ಕ್ಯೂನಲ್ಲಿ ಜಗಳ ಆಡಿದ್ದು" ಎಂದು ಹೇಳಬಲ್ಲ ಹೆಂಗಸರು ನಮ್ಮ ಬೀದಿಯಲ್ಲೇ ಇದ್ದಾರೆ.

ಈಗಿನ ತೊಂದರೆ ಬೇರೆ. ಇಳಂಪಿಳ್ಳೈ ಇಲ್ಲಿಂದ ಅರ್ಧ ಗಂಟೆಯ ಚಿಲ್ಲರೆ ದಾರಿ, ಊರಿಗೆ ಊರೇ ಸೀರೆ. ಆದರೆ ಅಲ್ಲಿನ ಕಪಾಟುಗಳಲ್ಲಿ ಹೊಳೆಯುವುದರಲ್ಲಿ ಕೃತಕ ನೂಲೇ ಹೆಚ್ಚು. ಆ ಸೀರೆ ಹಳೆಯದಾಗುತ್ತದೆ, ಮೆತ್ತಗಾಗುವುದಿಲ್ಲ. ಹತ್ತಿ ಸೀರೆ ಒಗೆತದಿಂದ ಒಗೆತಕ್ಕೆ ಮೃದುವಾಗುತ್ತ ಕೊನೆಗೆ ಸೀರೆಯಾಗಿ ಸತ್ತಾಗ ಕೌದಿಗೆ ಹದವಾಗಿರುತ್ತಿತ್ತು. ಪಾಲಿಯೆಸ್ಟರ್ ಸೀರೆ ಹತ್ತು ವರ್ಷವಾದರೂ ಕೌದಿಯಾಗಲು ಒಪ್ಪುವುದಿಲ್ಲ. ಸೂಜಿ ಜಾರುತ್ತದೆ, ಪದರಗಳು ಒಂದನ್ನೊಂದು ಹಿಡಿಯುವುದಿಲ್ಲ, ಬೆವರನ್ನಂತೂ ಮುಟ್ಟುವುದೇ ಇಲ್ಲ. ಹೀಗಾಗಿ ನಾನು ಹೊಸ ಹತ್ತಿ ಬಟ್ಟೆ ಕೊಂಡು, ಬಿಸಿನೀರಿನಲ್ಲಿ ಉಪ್ಪು ಹಾಕಿ ನೆನೆಸಿ, ಮತ್ತೆ ಮತ್ತೆ ಒಗೆಸಿ, ಹಳೆಯದು ಮಾಡಿಸುತ್ತೇನೆ. ಹಣ ಕೊಟ್ಟು ಹಳೆಯದು ಮಾಡಿಸುವ ಹುಚ್ಚು ನೋಡಿ ಒಗೆಯುವ ಅಣ್ಣ ಏನೂ ಅನ್ನುವುದಿಲ್ಲ, ಬಿಲ್ಲಿನಲ್ಲಿ ತೋರಿಸುತ್ತಾನೆ. ಬಣ್ಣ ಬಿಡುವ ಬಟ್ಟೆ ಈ ಹಂತದಲ್ಲೇ ಸಿಕ್ಕಿಬೀಳುತ್ತದೆ. ಕೆಂಪು ಮೊದಲ ಅಪರಾಧಿ, ಕಡುನೀಲಿ ಎರಡನೆಯದು. ಆ ಬಣ್ಣದ ನೀರು ಎಲ್ಲಿ ಹೋಗುತ್ತದೆ ಎಂಬುದು ಬೇರೆ ಪ್ರಶ್ನೆ. ಊರ ನಡುವೆ ಹರಿಯುವ ತಿರುಮಣಿಮುತ್ತಾರನ್ನು ಬಣ್ಣದ ಕಾರ್ಖಾನೆಗಳು ಏನು ಮಾಡಿವೆ ಎಂಬುದನ್ನು ಕಂಡ ಮೇಲೆ ನನ್ನ ಎರಡು ಬಕೆಟ್ ನೀರನ್ನೂ ಚರಂಡಿಗೆ ಚೆಲ್ಲಲು ಕೈ ಹಿಂಜರಿಯುತ್ತದೆ.

ಕೆಂಪಿನ ಮಾತು ಬಂತಲ್ಲ. ಈ ಕಸುಬಿನ ಹಳೆಯ ಕಾಗದಪತ್ರಗಳಲ್ಲಿ ನನಗೆ ತೀರ ಆಪ್ತವೆನಿಸಿದ್ದು ಒಂದು ವ್ಯಾಪಾರಿ ಪತ್ರ. 1643ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ನಿನ ಯಜಮಾನರು ಸೂರತ್ತಿನ ತಮ್ಮ ಗುಮಾಸ್ತರಿಗೆ ಬರೆದದ್ದು. ನೀವು ಕಳಿಸುವ ಹೊದಿಕೆಗಳಲ್ಲಿ ಹೆಚ್ಚಿನವು ಮಂಕು ಕೆಂಪು ನೆಲದವು, ಇಲ್ಲಿ ಅವು ಅಷ್ಟಾಗಿ ಹಿಡಿಸುತ್ತಿಲ್ಲ. ಇನ್ನು ಮೇಲೆ ಬಿಳಿ ನೆಲ ಹೆಚ್ಚಿರಲಿ, ಹೂವು ಬಳ್ಳಿಗಳು ನಡುವಿನಲ್ಲಿರಲಿ ಎಂಬುದು ಅದರ ಸಾರಾಂಶ. ಮೂರೂಮುಕ್ಕಾಲು ಶತಮಾನ ಕಳೆದಿದೆ. ನನಗೆ ಬರುವ ಇ-ಮೇಲುಗಳಲ್ಲಿ ಕೆಂಪು ಈಗಲೂ ಹೆಚ್ಚಾಗಿಯೇ ಇರುತ್ತದೆ, ಬಿಳಿ ಈಗಲೂ ಕಡಿಮೆಯಾಗಿಯೇ ಇರುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಹೂವು ನಡುವಿನಲ್ಲಿರಬೇಕು ಅನ್ನುವುದು ಮಂಚದವರ ಮಾತು. ಮಂಚದ ಹೊದಿಕೆಗೆ ತಲೆಯ ಕಡೆ, ಕಾಲಿನ ಕಡೆ ಇದೆ; ಎರಡು ಪಕ್ಕ ಇಳಿಬೀಳುತ್ತವೆ; ಬಾಗಿಲಲ್ಲಿ ನಿಂತವರಿಗೆ ಕಾಣುವುದು ನಡುಭಾಗ. ನೆಲದ ಕೌದಿಗೆ ಇದಾವುದೂ ಇಲ್ಲ. ಅದರ ಸುತ್ತ ನಾಲ್ಕೂ ಕಡೆ ಜನ ಕೂರುತ್ತಾರೆ, ನಡುವಿನಲ್ಲಿ ಮಗುವೋ ಹೂ ಕಟ್ಟುವ ಬುಟ್ಟಿಯೋ ಇರುತ್ತದೆ. ಕಣ್ಣಿಗೆ ಬೀಳುವುದು ಅಂಚು, ಅದರಲ್ಲೂ ಮೂಲೆ.

ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಉತ್ತರ ಕನ್ನಡದ ಸಿದ್ದಿ ಹೆಂಗಸರು. ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಅವರು ಕೌದಿ ಹೊಲಿಯುವುದು ಅಂಚಿನಿಂದ ಒಳಕ್ಕೆ, ಸುತ್ತು ಸುತ್ತಾಗಿ. ನಡು ಬರುವುದು ಕಟ್ಟಕಡೆಗೆ. ಎಲ್ಲ ಮುಗಿದ ಮೇಲೆ ನಾಲ್ಕು ಮೂಲೆಗೂ ಮುಕ್ಕೋನವಾಗಿ ಮಡಿಸಿದ ಪುಟ್ಟ ಬಟ್ಟೆ ಚೂರುಗಳ 'ಫೂಲ' ಇಡಬೇಕು, ಅದಿಲ್ಲದಿದ್ದರೆ ಕೌದಿ ಬತ್ತಲೆ ಎಂಬುದು ಅವರ ಲೆಕ್ಕ. ಆಫ್ರಿಕಾದ ಕಲೆಯನ್ನು ಓದಿಕೊಂಡಿದ್ದ ಅಮೆರಿಕದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ 2004ರ ಸುಮಾರಿಗೆ ಅವರ ನಡುವೆ ಓಡಾಡಿ, ಹೊಲಿಯುವ ಹೆಂಗಸರದೊಂದು ಸಹಕಾರ ಕೂಟಕ್ಕೆ ಕಾರಣರಾದರು. 2011ರಲ್ಲಿ ಆ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನ ಷಾಂಬರ್ಗ್ ಕೇಂದ್ರದ ಗೋಡೆ ಏರಿದವು. ಗೋಡೆಗೆ ತೂಗುಹಾಕುವಾಗ ಯಾವ ಕಡೆ ಮೇಲೆ ಮಾಡಿದರೋ! ಎಲ್ಲ ಕಡೆಯೂ ಸಮವಾಗಿ ಹೊಲಿದದ್ದನ್ನು ತೂಗುಹಾಕಿದ ಕ್ಷಣಕ್ಕೆ ಅದು ಚಿತ್ರವಾಗಿಬಿಡುತ್ತದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ, ಆದರೆ ಚಿತ್ರವಾದ ಮೇಲೆ ಬೆಲೆ ಏರುತ್ತದೆ ಎನ್ನುವುದನ್ನು ಅಲ್ಲಗಳೆಯಲಾರೆ.

ನಮ್ಮ ಹತ್ತಿರದಲ್ಲೇ, ಧರ್ಮಪುರಿ ಜಿಲ್ಲೆಯ ಹರೂರಿನಾಚೆ, ಕಲ್ರಾಯನ್ ಮತ್ತು ಸಿತ್ತೇರಿ ಬೆಟ್ಟಗಳ ನಡುವೆ ಸಿತ್ತಿಲಿಂಗಿ ಕಣಿವೆ ಇದೆ. ವೈದ್ಯ ದಂಪತಿ ರೆಜಿ ಜಾರ್ಜ್ ಮತ್ತು ಲಲಿತಾ ರೆಜಿ 1993ರಲ್ಲಿ ಅಲ್ಲಿಗೆ ಬಂದು ಗುಡಿಸಲಿನಲ್ಲಿ ಆಸ್ಪತ್ರೆ ತೆರೆದರು. ಕಣಿವೆಯ ಲಂಬಾಡಿ ಊರುಗಳಲ್ಲಿ ಕಸೂತಿ ಬಲ್ಲವರು ಇಬ್ಬರು ಮುದುಕಿಯರು ಮಾತ್ರ ಉಳಿದಿರುವುದನ್ನು ಲಲಿತಾ ಅವರು ಕಂಡು, ಅವರಿಂದ ಕಿರಿಯರಿಗೆ ಕಲಿಸುವ ಏರ್ಪಾಟು ಮಾಡಿದ್ದರಿಂದ ಹುಟ್ಟಿದ್ದು 'ಪೊರ್ಗೈ' ಎಂಬ ಹೆಂಗಸರ ಸಂಘ. ಹೆಸರಿಗೆ ಅವರ ಭಾಷೆಯಲ್ಲಿ ಹೆಮ್ಮೆ ಎಂದರ್ಥ. ಅಲ್ಲಿ ಹೋದಾಗಲೆಲ್ಲ ನಾನು ಮೊದಲು ನೋಡುವುದು ಅವರ ಕನ್ನಡಿ ಚೂರುಗಳನ್ನಲ್ಲ, ಹೊಲಿಗೆಯ ಬಿಗಿಯನ್ನು. ಲಂಬಾಡಿಗಳ ಹಿರಿಯರು ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ಹೋದವರು. ಹೇರಿನ ಚೀಲ ಬಾಳಬೇಕಾದರೆ ಬಟ್ಟೆಯನ್ನು ಪದರ ಪದರವಾಗಿ ಒತ್ತಿ ಹೊಲಿಯಬೇಕು. ಆ ಒತ್ತು ಹೊಲಿಗೆಯೇ ಸಿಂಗಾರವಾಗಿ ಬೆಳೆದದ್ದು ಅವರ ಬಟ್ಟೆಯ ಮೇಲೆ ಈಗಲೂ ಓದಬಹುದು. ಸಂಡೂರಿನ ಲಂಬಾಣಿ ಹೆಂಗಸರು ಎಣಿಸುವ ಹೊಲಿಗೆಗಳ ಹೆಸರಲ್ಲಿ 'ಕೌದಿ' ಎಂಬುದೂ ಒಂದು.

ನನಗೆ ಹೊಲಿದುಕೊಡುವವರು ಹೆಚ್ಚಿನಂಶ ನಮ್ಮ ಬೀದಿಯ ಸುತ್ತಿನವರು, ಮಗ್ಗ ನಿಂತ ಮನೆಗಳವರು. ಬೆಳಿಗ್ಗೆ ತುಂಡುಗಳನ್ನು ಜೋಡಿಸಿ, ಕಚ್ಚಾ ಹೊಲಿಗೆ ಹಾಕಿ, ಮಾದರಿ ಹಾಳೆ ಸಮೇತ ಗಂಟು ಕಟ್ಟಿ ಕೊಡುವುದು. ವಾರ ಬಿಟ್ಟು ಹೋಗಿ, ಹಾಳೆಯಲ್ಲಿ ಇಲ್ಲದ್ದೇನು ಸೇರಿದೆ ಎಂದು ನೋಡುವುದು. ಒಮ್ಮೆ ಪರದೇಶದ ಗಿರಾಕಿಗೆಂದು ಬೂದು ಮತ್ತು ಬಿಳಿಯ ನಕ್ಷೆ ಕೊಟ್ಟಿದ್ದೆ. ಬಂದ ಕೌದಿಯ ಒಂದು ಮೂಲೆಯಲ್ಲಿ ಗಿಳಿಹಸಿರಿನ ಚೂರು. "ಇದೇನಕ್ಕಾ?" ಎಂದೆ. "ಮತ್ತೇನಮ್ಮಾ, ಎಲ್ಲಾ ಬೂದಿ ಬಣ್ಣ. ಹೊಲಿಯೋಳಿಗೇ ನಿದ್ದೆ ಬಂದುಬಿಡ್ತು" ಎಂದರು. ಆ ಹಸಿರನ್ನು ಬಿಚ್ಚಿಸಲಿಲ್ಲ, ಉಳಿದ ಮೂರು ಮೂಲೆಗೂ ಹಾಕಿಸಿದೆ. ಗಿರಾಕಿ ಅದನ್ನೇ ಎಲ್ಲಕ್ಕಿಂತ ಮೆಚ್ಚಿ, ನನ್ನ ಕಲ್ಪನೆಯನ್ನು ಹೊಗಳಿ ಬರೆದರು. ಆ ತಿಂಗಳು ಅಕ್ಕನ ಕೂಲಿಗೆ ಇನ್ನೂರು ಸೇರಿಸಿದೆ, ಹೊಗಳಿಕೆಯನ್ನು ನಾನೇ ಇಟ್ಟುಕೊಂಡೆ.

ನಕ್ಷೆಗೆ ದಾರಿ ಕಾಣದಾದಾಗ ನಾನು ಬಸ್ಸು ಹತ್ತುವುದು ಧರ್ಮಪುರಿಗೆ. 1965ರವರೆಗೆ ಅದೂ ಸೇಲಂ ಜಿಲ್ಲೆಯೇ. ಅದಕ್ಕೂ ಹಿಂದೆ ತಗಡೂರು ಎಂಬ ಹೆಸರಲ್ಲಿ ನೊಳಂಬ ಅರಸರ ಊರು, ಅವರ ಕನ್ನಡ ಶಾಸನಗಳು ಸಿಕ್ಕಿದ ಊರು. ಅಲ್ಲಿನ ಕೋಟೆಯ ಮಲ್ಲಿಕಾರ್ಜುನ ಗುಡಿಯ ಮಂಟಪದಲ್ಲಿ ತಲೆಯೆತ್ತಿದರೆ ಸೂರಿನ ಕಲ್ಲಿನಲ್ಲಿ ಅಷ್ಟದಿಕ್ಪಾಲಕರು: ನಡುವೆ ಶಿವ, ಸುತ್ತ ಎಂಟು ದಿಕ್ಕಿಗೆ ಎಂಟು ಜನ, ತಮ್ಮ ತಮ್ಮ ವಾಹನ ಏರಿ. ಎಲ್ಲಿ ನಿಂತು ನೋಡಿದರೂ ಒಬ್ಬನಾದರೂ ನಮಗೆ ನೆಟ್ಟಗಿರುತ್ತಾನೆ, ಒಬ್ಬನಾದರೂ ತಲೆಕೆಳಗಿರುತ್ತಾನೆ. ನಾನು ಅದರ ಕೆಳಗೆ ಕತ್ತು ನೋಯುವವರೆಗೂ ಸುತ್ತುತ್ತೇನೆ. ಅರ್ಚಕರು ಇದನ್ನು ಪ್ರದಕ್ಷಿಣೆಯೆಂದು ಭಾವಿಸಿ ಕುಂಕುಮ ಕೊಡುತ್ತಾರೆ. ಕಲ್ಲುಕುಟಿಗನಿಗೆ ಬಂದ ತೊಡಕೂ ನನ್ನದೂ ಒಂದೇ: ಸುತ್ತ ಓಡಾಡುವ ಜನಕ್ಕೆ ಚಚ್ಚೌಕವೊಂದನ್ನು ತುಂಬಿಕೊಡುವುದು. ಅವನು ಮೇಲೆ ಮಾಡಿದ್ದನ್ನು ನಾನು ಕೆಳಗೆ ಹಾಸುತ್ತೇನೆ. ನನ್ನ ಒಳ್ಳೆಯ ಕೌದಿಗಳಲ್ಲಿ ಎಷ್ಟೋ ಆ ಸೂರಿನ ಮಕ್ಕಳು, ದೇವರುಗಳನ್ನು ಮಾತ್ರ ಬಿಟ್ಟಿದ್ದೇನೆ. ಯಾರಾದರೂ ಮೇಲೆ ಕೂರಬೇಕಲ್ಲ.

ಈಚೆಗೆ ಯೇರ್ಕಾಡಿನ ಒಂದು ವಸತಿಗೃಹದವರು ಹನ್ನೆರಡು ಕೌದಿ ಬೇಕೆಂದರು. ಮಂಚಕ್ಕೆ. ಬೇಡವೆನ್ನುವಷ್ಟು ಸಿರಿವಂತಳಲ್ಲ ನಾನು, ಒಪ್ಪಿದೆ. ಕಳಿಸಿದ ವಾರಕ್ಕೆ ಮ್ಯಾನೇಜರ್ ಫೋನು. "ಮೇಡಂ, ನಮ್ಮ ಹುಡುಗರಿಗೆ ತಲೆಯ ಕಡೆ ಯಾವುದು ಅಂತ ಗೊತ್ತಾಗ್ತಾ ಇಲ್ಲ. ದಿನಾ ಒಂದೊಂದು ಥರ ಹಾಸ್ತಾರೆ. ಒಂದು ಗುರುತು ಹೊಲಿದು ಕೊಡಿ." ತಲೆಯ ಕಡೆ ಎನ್ನುವುದೇ ಇಲ್ಲ, ಹೇಗೆ ಹಾಸಿದರೂ ಸರಿ ಎಂದೆ. ಅವರಿಗೆ ಅದು ತಯಾರಿಕೆಯ ದೋಷದಂತೆ ಕೇಳಿಸಿತು. ಹನ್ನೆರಡೂ ವಾಪಸು ಬಂದವು. ಅಕ್ಕನ ಕೈಲಿ ಕೊಟ್ಟು ವಿಷಯ ಹೇಳಿದೆ. ಅವರು ಗಿಳಿಹಸಿರಿನ ದಾರದಲ್ಲಿ, ತಮಿಳಿನಲ್ಲಿ, 'ತಲೆ ಕಡೆ' ಎಂದು ಅಚ್ಚುಕಟ್ಟಾಗಿ ಹೊಲಿದುಕೊಟ್ಟರು. ನಾಲ್ಕೂ ಅಂಚಿಗೆ. ಹಾಗೆಯೇ ಕಳಿಸಿದ್ದೇನೆ. ಬಿಲ್ಲಿನ ಹಣ ಇನ್ನೂ ಬಂದಿಲ್ಲ.