ಮಾವನ ಕಾರು ಮತ್ತು ನನ್ನ ಇಂಗ್ಲಿಷು

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಇದರಿಂದ ಆದ ಲಾಭವೇನೆಂದು ಮನೆಯವರಿಗೆ ಇನ್ನೂ ತಿಳಿದಿಲ್ಲ. ಆದರೆ ಕೇರಿಗೆ ಇಂಗ್ಲಿಷಿನ ಕಾಗದ ಯಾವುದು ಬಂದರೂ ಅದು ನೇರವಾಗಿ ನನ್ನ ಕೈಗೇ ಬರುತ್ತದೆ. ಬ್ಯಾಂಕಿನ ನೋಟೀಸು, ಔಷಧದ ಚೀಟಿ, ಪಂಪುಸೆಟ್ಟಿನ ಗ್ಯಾರಂಟಿ ಕಾರ್ಡು, ಎಲ್ಲಕ್ಕೂ ನಾನು ಅರ್ಥ ಹೇಳಿದ್ದೇನೆ. ತಿಳಿದಾಗ ಹೇಳಿದ್ದೇನೆ, ತಿಳಿಯದಾಗ ಇನ್ನಷ್ಟು ಗಟ್ಟಿಯಾಗಿ ಹೇಳಿದ್ದೇನೆ. ಈ ಎರಡನೆಯ ಅಭ್ಯಾಸದ ದೆಸೆಯಿಂದ ನನ್ನ ಸೋದರಮಾವ ಕತ್ತಾಳೆಯ ಬೇಲಿಗೆ ನುಗ್ಗಿದ ಸಂಗತಿಯನ್ನು ಇಲ್ಲಿ ಬರೆಯುತ್ತೇನೆ.

ಮಾವ ಏಳನೆಯ ತರಗತಿಗೆ ಓದು ಬಿಟ್ಟು ಗ್ಯಾರೇಜು ಸೇರಿದವರು. ಇಂಗ್ಲೆಂಡಿನಲ್ಲಿ ಜನ ತಮ್ಮ ಹಿತ್ತಲಿನಲ್ಲೇ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳುತ್ತಾರೆಂಬುದನ್ನು ಅವರು ಮೊಬೈಲಿನಲ್ಲಿ ನೋಡಿದ್ದರು. ಅದು ಸುಳ್ಳಲ್ಲ. ೧೯೫೭ರಲ್ಲಿ ಬಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳಬಹುದಾಗಿತ್ತು. ೧೯೯೬ರಲ್ಲಿ ರಾನ್ ಚಾಂಪಿಯನ್ ಎಂಬವರು ಕೇವಲ ೨೫೦ ಪೌಂಡಿನಲ್ಲಿ ಅಂಥದೊಂದು ಕಾರನ್ನು ಕಟ್ಟಿಕೊಳ್ಳುವ ಬಗೆಯನ್ನು ಪುಸ್ತಕವಾಗಿಯೇ ಬರೆದರು. ಮಾವ ಗುಜರಿಗೆ ಹೊರಟಿದ್ದ ಎರಡು ಮಾರುತಿ ೮೦೦ ಕಾರುಗಳನ್ನು ತಂದು, ಚೌಕದ ಪೈಪಿನಲ್ಲಿ ಚೌಕಟ್ಟು ಬೆಸೆದು, ಒಂದರ ಎಂಜಿನ್ನನ್ನು ಸೀಟಿನ ಹಿಂದೆ ಇಟ್ಟು, ಇನ್ನೊಂದರ ಮುಂಗಾಲುಗಳನ್ನೂ ಸ್ಟಿಯರಿಂಗನ್ನೂ ಮುಂದೆ ಕೂರಿಸಿದರು. ನಮ್ಮಲ್ಲಿ ಇಂಥ ಬಂಡಿಗೆ ನೋಂದಣಿ ದೊರಕುವುದು ಸುಲಭವಲ್ಲ. ಅದು ರಸ್ತೆಗೆ ಇಳಿಯುವ ಕಾರಲ್ಲವೆಂದು ಮಾವನಿಗೂ ಗೊತ್ತಿತ್ತು. ಅದರ ಓಡಾಟವೆಲ್ಲ ನಿಂತುಹೋದ ಇಟ್ಟಿಗೆ ಗೂಡಿನ ಬಯಲಿನಲ್ಲಿ.

ಕಾರು ಓಡಿತು, ಆದರೆ ಮಾವನ ಮುಖ ಅರಳಲಿಲ್ಲ. “ಚಕ್ರ ಸತ್ತಂಗೈತೆ ಕಣೋ. ತಿರುಗಿಸಿದರೆ ತಿರುಗಿದ ಕಡೇನೇ ಕೂತ್ಕೊಳ್ಳುತ್ತೆ. ಕೈಗೆ ಏನೂ ಹೇಳೋದೇ ಇಲ್ಲ” ಎಂದರು. ಒಳ್ಳೆಯ ಕಾರಿನಲ್ಲಿ ತಿರುವು ಮುಗಿದ ಮೇಲೆ ಹಿಡಿತ ಸಡಿಲಿಸಿದರೆ ಸ್ಟಿಯರಿಂಗು ತಾನಾಗಿ ನಡುವಿಗೆ ಮರಳುತ್ತದೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರಿಗೆ ನಡೆಸುವ ಸರ್ಕಾರಿ ಪರೀಕ್ಷೆಯಲ್ಲಿ ಇದೂ ಒಂದು ಪ್ರಶ್ನೆ. ಇಲ್ಲಿಯೇ ನಪಾಸಾಗುವ ಕಾರುಗಳುಂಟು.

ಮಾವ ಅವಸರಪಡಲಿಲ್ಲ. ಮೊದಲು ಟಯರಿನ ಗಾಳಿ ನೋಡಿದರು. ಆಮೇಲೆ ಮುಂಭಾಗವನ್ನು ಜಾಕಿನ ಮೇಲೆತ್ತಿ ಗಾಲಿಯನ್ನು ಎಡಬಲಕ್ಕೆ ಅಲುಗಿಸಿದರು. ಒಂದು ಕಡೆಯ ಟೈರಾಡಿನ ತುದಿ ಸವೆದು ಲೊಡಲೊಡ ಎನ್ನುತ್ತಿತ್ತು, ಅದನ್ನು ಬದಲಾಯಿಸಿದರು. ರೋಗ ಹೋಗಲಿಲ್ಲ. ಎರಡೂ ಟೈರಾಡುಗಳನ್ನು ಕಳಚಿ ಬರಿಯ ಸ್ಟಿಯರಿಂಗನ್ನು ತಿರುಗಿಸಿದರು, ಹಗುರವಾಗಿ ತಿರುಗಿತು. ಗಾಲಿಗಳನ್ನು ಬೇರೆಯಾಗಿ ಕೈಯಿಂದ ತಿರುಗಿಸಿದರು, ಅವೂ ಬಿಗಿಯಿರಲಿಲ್ಲ. ಅಂದರೆ ಎಲ್ಲಿಯೂ ಹಿಡಿದುಕೊಂಡಿಲ್ಲ, ಆದರೂ ಚಕ್ರ ಮರಳುವುದಿಲ್ಲ. ಇಷ್ಟು ಕ್ರಮವಾಗಿ ಯೋಚಿಸುವವರನ್ನು ನಾನು ತರ್ಕಶಾಸ್ತ್ರದ ಪುಸ್ತಕದಲ್ಲಿ ಮಾತ್ರ ಕಂಡಿದ್ದೆನು.

ಆಗ ನನಗೆ ಕರೆ ಬಂತು. ಹಳೆಯ ಪುಸ್ತಕದ ಅಂಗಡಿಯಿಂದ ತಂದ ದಪ್ಪನೆಯ ಮೋಟಾರು ಗ್ರಂಥವೊಂದನ್ನು ಮುಂದಿಟ್ಟು, “ಓದಿ ಹೇಳಪ್ಪ, ಇದಕ್ಕೇನಂತೆ ಮದ್ದು?” ಎಂದರು. ಅದರಲ್ಲಿ ‘ಕ್ಯಾಸ್ಟರ್’ ಎಂಬ ಮಾತು ಸಿಕ್ಕಿತು. ಗಾಲಿ ಎಡಬಲಕ್ಕೆ ತಿರುಗುವುದು ಒಂದು ಅಕ್ಷದ ಸುತ್ತ. ಆ ಅಕ್ಷವನ್ನು ಕೆಳಕ್ಕೆ ಬೆಳೆಸಿದರೆ ಅದು ಟಯರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ನೆಲವನ್ನು ಸೇರಬೇಕು ಎಂದು ಬರೆದಿತ್ತು. ‘ಮುಂದೆ’ ಎಂಬುದಷ್ಟೇ ನನ್ನ ತಲೆಗೆ ಹೋಯಿತು. “ಮೇಲಿನ ತುದೀನ ಮುಂದಕ್ಕೆ ಬಾಗಿಸಬೇಕಂತೆ ಮಾವ” ಎಂದುಬಿಟ್ಟೆ. ಅವರು ಒಂದು ಕ್ಷಣ ತಡೆದರು. “ಸರಿಯಾಗಿ ನೋಡಿದೆಯಾ?” ಎಂದು ಕೇಳಿದರು. ನಾನು ಬಿ.ಎ. ಅಂತಿಮ ವರ್ಷದ ಗಾಂಭೀರ್ಯದಿಂದ ತಲೆಯಾಡಿಸಿದೆ. ಅವರು ಮೇಲಿನ ಪ್ಲೇಟನ್ನು ಕತ್ತರಿಸಿ, ಸ್ಟ್ರಟ್ಟಿನ ತಲೆಯನ್ನು ಒಂದೂವರೆ ಅಂಗುಲ ಮುಂದಕ್ಕೆ ಸರಿಸಿ ಬೆಸೆದರು.

ಮರುದಿನ ಸಂಜೆ ಬಯಲಿನಲ್ಲಿ ಕಾರು ಎಡಕ್ಕೆ ಹೊರಳಿದ್ದೇ ತಡ, ಸ್ಟಿಯರಿಂಗು ಮರಳುವುದಿರಲಿ, ಇನ್ನಷ್ಟು ಎಡಕ್ಕೆ ತಾನೇ ಎಳೆದುಕೊಂಡು ಹೋಯಿತು. ಕಾರು ಬೇಲಿಯಲ್ಲಿ ನಿಂತಿತು. ನಾನು ಓಡಿಹೋದಾಗ ಮಾವ ಬಲಗೈಯ ಹೆಬ್ಬೆರಳನ್ನು ಎಡಗೈಯಲ್ಲಿ ಒತ್ತಿ ಹಿಡಿದು ಕುಳಿತಿದ್ದರು. ಮೂರು ವಾರ ಆ ಕೈಯಲ್ಲಿ ಪಾನಾ ಹಿಡಿಯಲಾಗಲಿಲ್ಲ. ಗ್ಯಾರೇಜಿನ ಸಂಪಾದನೆ ಅರ್ಧಕ್ಕೆ ಇಳಿಯಿತು. ಅತ್ತೆ ಕಾರನ್ನು ಬೈದರು. ಯಾರೂ ನನ್ನನ್ನು ಬೈಯಲಿಲ್ಲ. ನಾನು ಓದಿದ್ದು ತಪ್ಪಿರಬಹುದೆಂದು ಯಾರಿಗೂ ಹೊಳೆಯಲೇ ಇಲ್ಲ. ಆ ವಿಶ್ವಾಸವನ್ನು ಸಹಿಸುವುದು ಬೈಗುಳಕ್ಕಿಂತ ಕಷ್ಟವಾಯಿತು. ರಾತ್ರಿ ನಿಘಂಟು ಹಿಡಿದು ಆ ಪುಟವನ್ನು ಮತ್ತೆ ಓದಿದೆ. ಅರ್ಥವಾದಂತೆಯೂ ಆಗದಂತೆಯೂ ಇತ್ತು. ಬೆಳಿಗ್ಗೆ ಹೋಗಿ, “ಮಾವ, ನಾನು ತಪ್ಪು ಹೇಳಿದೆ ಅನ್ನಿಸುತ್ತೆ” ಎಂದೆ.

ಮಾವ ಮಾತನಾಡದೆ, ಗೋಡೆಗೆ ಒರಗಿಸಿದ್ದ ನನ್ನ ಸೈಕಲ್ಲನ್ನು ನೋಡಿದರು. ಎಂಟನೆಯ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲು ಅದು. ಹ್ಯಾಂಡಲಿನ ಕೆಳಗಿನ ಕೊಳವೆಯ ಓರೆಗೆ ಸರಿಯಾಗಿ ಒಂದು ಕೋಲನ್ನು ಹಿಡಿದು ನೆಲದವರೆಗೆ ಇಳಿಸಿದರು. ಕೋಲಿನ ಮೇಲ್ತುದಿ ಸವಾರನ ಕಡೆಗೆ, ಹಿಂದಕ್ಕೆ ಬಾಗಿತ್ತು. ಕೆಳತುದಿ ಗಾಲಿ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಊರಿತ್ತು. “ಕೆಳಗೆ ಮುಂದೆ ಬರಬೇಕಾದರೆ ಮೇಲೆ ಹಿಂದಕ್ಕೆ ಹೋಗಬೇಕು. ನಿನ್ನ ಪುಸ್ತಕ ಹೇಳಿದ್ದು ಇದನ್ನೇ ಅಲ್ಲವೇನೋ?” ಎಂದರು. ಹೌದು, ಅದನ್ನೇ. ಗಾಲಿ ಅಕ್ಷದ ಹಿಂದೆ ಎಳೆಸಿಕೊಂಡು ಬಂದರೆ ತಾನೇ ನೇರವಾಗುತ್ತದೆ. ಮುಂದೆ ತಳ್ಳಿಸಿಕೊಂಡು ಹೋದರೆ ಪಕ್ಕಕ್ಕೆ ಹೊರಳುತ್ತದೆ.

ಮಾರುತಿಯಲ್ಲಿ ಚೆನ್ನಾಗಿದ್ದ ಭಾಗಗಳೇ ಇಲ್ಲಿ ಏಕೆ ಸತ್ತಂತಾದವು ಎಂಬುದೂ ಆಗ ತಿಳಿಯಿತು. ಮಾವ ಮೊದಲು ಸ್ಟ್ರಟ್ಟುಗಳನ್ನು ತೂಗುಗುಂಡು ಹಿಡಿದು ಪಕ್ಕದಿಂದ ನೆಟ್ಟಗೆ ನಿಲ್ಲಿಸಿದ್ದರು. ಗಾಲಿ ತಿರುಗಿದಾಗ ಕಾರಿನ ಭಾರವೂ ಅದನ್ನು ನಡುವಿಗೆ ತರಲು ಸ್ವಲ್ಪ ನೆರವಾಗುತ್ತದೆ. ಎಂಜಿನ್ನು ಹಿಂದೆ ಹೋದ ಮೇಲೆ ಮುಂದೆ ಆ ಭಾರವೂ ಇರಲಿಲ್ಲ.

ಹೆಬ್ಬೆರಳು ವಾಸಿಯಾದ ಮೇಲೆ ಸ್ಟ್ರಟ್ಟಿನ ತಲೆಗಳು ನೆಟ್ಟಗಿದ್ದ ಜಾಗಕ್ಕಿಂತ ಎರಡು ಅಂಗುಲ ಹಿಂದಕ್ಕೆ ಹೋದವು. ಲೆಕ್ಕ ಹಾಕಿದರೆ ಸುಮಾರು ೫ ಡಿಗ್ರಿ ಓರೆ. ಆ ಓರೆ ಬದಲಾದರೆ ಗಾಲಿಗಳ ನೇರವೂ ಕೆಡುತ್ತದೆಯಾದ್ದರಿಂದ ದಾರ ಕಟ್ಟಿ ಅದನ್ನೂ ಸರಿಪಡಿಸಿದೆವು. ದಾರದ ಒಂದು ತುದಿ ನನ್ನ ಕೈಯಲ್ಲಿತ್ತು.

ಬಯಲಿನಲ್ಲಿ ಮಾವ ಬಲಕ್ಕೆ ತಿರುಗಿಸಿ ಹಿಡಿತ ಸಡಿಲಿಸಿದರು. ಸ್ಟಿಯರಿಂಗು ಅವರ ಅಂಗೈಯೊಳಗೆ ಜಾರುತ್ತ ಮೆಲ್ಲಗೆ ನಡುವಿಗೆ ಬಂದು ನಿಂತಿತು. ಎಡಕ್ಕೂ ಹಾಗೆಯೇ. ಕತ್ತಲಾಗುವವರೆಗೆ ಸುತ್ತಿದರು. ಇಳಿದ ಮೇಲೆ, “ಹಳ್ಳದಲ್ಲಿ ಗಾಲಿ ಇಳಿದಾಗ ಮಾತ್ರ ಚಕ್ರ ಕೈಯಲ್ಲಿ ಒಂದು ಸಲ ಒದೆಯುತ್ತೆ. ಅದಕ್ಕೇನು ಬರೆದವ್ರೆ ನೋಡು” ಎಂದರು. ಮರುದಿನ ನಾನು ನಿಘಂಟನ್ನು ಸೈಕಲ್ಲಿನ ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಗ್ಯಾರೇಜಿಗೆ ಹೋದೆ.