ಹೊಲದಾಗೊಂದು ಮನಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಮದುವೆ ನನಗಿನ್ನೂ ಆಗಿಲ್ಲ, ಹಾಗಾಗಿ ಇವತ್ತು ಮನೆ ಬಗ್ಗೆ ಮಾತ್ರ :) ಆದರೆ ಕಟ್ಟೋದಕ್ಕೂ ಮೊದಲು "ಪರವಾನಗಿ ತಗೊಂಡು ನೋಡು" ಅಂತ ಹಿರಿಯರು ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ.

ನಮ್ಮೂರು ಶಹಾಪುರ ತಾಲೂಕಿನ ಒಂದು ಹಳ್ಳಿ. ಊರೊಳಗಿನ ನಮ್ಮ ಮನೆ ಅಜ್ಜನ ಕಾಲದ್ದು. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಒಳಗೆ ತಣ್ಣಗಿರುತ್ತೆ, ಮಳೆಗಾಲದಲ್ಲಿ ಮಾತ್ರ ಅವ್ವ ರಾತ್ರಿಯೆಲ್ಲ ಬೋಗುಣಿ ಹಿಡಿದು ಸೋರೋ ಜಾಗ ಹುಡುಕ್ತಾಳೆ. ಎರಡು ವರ್ಷದ ಹಿಂದೆ ಹಿತ್ತಲ ಗೋಡೆ ಕುಸಿದು ಬಿತ್ತು. ಅದನ್ನು ಕೆಡವಿ ಕಟ್ಟೋಣ ಅಂದ್ರೆ ಜಾಗ ಅಪ್ಪ ಮತ್ತು ಇಬ್ಬರು ಕಾಕಾಗಳ ಹೆಸರಲ್ಲಿ ಜಂಟಿ. ಓಣಿಯೊಳಗೆ ಒಂದು ಟ್ರ್ಯಾಕ್ಟರ್ ಕಲ್ಲು ತರೋದಕ್ಕೂ ದಾರಿಯಿಲ್ಲ. ಅದಕ್ಕೇ ಅಪ್ಪ ತೀರ್ಮಾನ ಮಾಡಿಬಿಟ್ಟರು, ಹೊಲದಾಗ ಮನಿ ಕಟ್ಟೋದು ಅಂತ.

ನಾನು ಸಾಫ್ಟ್‌ವೇರ್ ಮನುಷ್ಯ. ಮೊದಲು ರಿಕ್ವೈರ್‌ಮೆಂಟ್, ಆಮೇಲೆ ಕೋಡು. ಕೂತು ಕಾನೂನು ಓದಿದೆ. ಓದಿದ್ದನ್ನ ನಿಮಗೂ ಹೇಳ್ತೀನಿ, ಊರಲ್ಲಿ ಹೊಲ ಇರೋರಿಗೆ ಉಪಯೋಗಕ್ಕೆ ಬರಬಹುದು.

ಕರ್ನಾಟಕ ಭೂಕಂದಾಯ ಕಾಯ್ದೆ 1964ರದ್ದು. ಅದರ 95ನೇ ಕಲಂ ಪ್ರಕಾರ ಸಾಗುವಳಿ ಜಮೀನನ್ನ ಬೇರೆ ಉಪಯೋಗಕ್ಕೆ ತಿರುಗಿಸಬೇಕಾದರೆ ಜಿಲ್ಲಾಧಿಕಾರಿಯ ಆದೇಶ ಬೇಕು. ನಮ್ಮ ಕಡೆ ಇದಕ್ಕೆ "ಎನ್‌ಎ ಮಾಡಿಸೋದು" ಅಂತಾರೆ. ಆದರೆ ಅದೇ ಕಲಮಿನಲ್ಲಿ ರೈತನಿಗೆ ಒಂದು ಸಣ್ಣ ಬಾಗಿಲು ತೆರೆದಿಟ್ಟಿದ್ದಾರೆ. ತನ್ನ ಹೊಲದಲ್ಲಿ ತಾನೇ ಇರೋದಕ್ಕೆ, ದನ ಕಟ್ಟೋದಕ್ಕೆ, ಕೃಷಿ ಸಾಮಾನು ಇಡೋದಕ್ಕೆ ಎನ್‌ಎ ಇಲ್ಲದೆಯೇ ತೋಟದ ಮನೆ ಕಟ್ಟಬಹುದು. ಷರತ್ತು ಏನಂದ್ರೆ ಅದು ಹಿಡುವಳಿಯ ಶೇಕಡಾ 10ನ್ನ ಮೀರಬಾರದು, ಬಾಡಿಗೆಗೆ, ವ್ಯಾಪಾರಕ್ಕೆ ಕೊಡಬಾರದು. ನಮ್ಮದು 4 ಎಕರೆ, ಅಂದ್ರೆ 160 ಗುಂಟೆ. ಮನೆಗೆ ಬೇಕಾಗಿರೋದು 2 ಗುಂಟೆ. ಲೆಕ್ಕ ಆರಾಮಾಗಿ ಕೂಡುತ್ತೆ. ಇದರ ಜೊತೆಗೆ ಗ್ರಾಮ ಪಂಚಾಯಿತಿಯ ಲಿಖಿತ ಪರವಾನಗಿ ಬೇರೆ. ಅದು 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ.

ಇಷ್ಟು ಸರಳ ಇದ್ದರೆ ಈ ಬರಹವೇ ಬೇಕಿರಲಿಲ್ಲ.

ಸಿಕ್ಕು ಶುರುವಾಗಿದ್ದು ಸಾಲದಿಂದ. ಬ್ಯಾಂಕಿನವರು ಎನ್‌ಎ ಆದೇಶ ತನ್ನಿ, ಪಂಚಾಯಿತಿಯ ಫಾರಂ 9 ತನ್ನಿ ಅಂದರು. 2013ರಿಂದ ಇ-ಸ್ವತ್ತು ಬಂದ ಮೇಲೆ ಊರ ಗಾವಠಾಣದ ಜಾಗಕ್ಕೆ, ಸರಿಯಾಗಿ ಎನ್‌ಎ ಆದ ಜಾಗಕ್ಕೆ ಫಾರಂ 9 ಸಿಗುತ್ತೆ. ಬರೀ ಹೊಲಕ್ಕೆ ಸಿಗೋದಿಲ್ಲ. ನನ್ನ ಸಂಬಳದಲ್ಲಿ ಸಾಲ ತೆಗೆದು ಗಟ್ಟಿಮುಟ್ಟಾಗಿ ಆರ್‌ಸಿಸಿ ಮನೆ ಕಟ್ಟಿಸೋಣ, ಅದಕ್ಕೆ 5 ಗುಂಟೆ ಎನ್‌ಎ ಮಾಡಿಸೋಣ ಅನ್ನೋದು ನನ್ನ ಪ್ಲಾನು.

ಅಪ್ಪ ಒಪ್ಪಲಿಲ್ಲ. "ಎನ್‌ಎ ಮಾಡ್ಸಿದ್ರ ಪಹಣಿಯಾಗ ಅಷ್ಟು ಹೊಲ ಕಮ್ಮಿ ಆಗ್ತದ ತಮ್ಮಾ. ಇವತ್ತು ಐದು ಗುಂಟಿ, ನಾಳಿ ನೀವು ಪ್ಲಾಟ್ ಹಾಕ್ತೀರಿ. ನಾ ಇರೋತನಾ ಅದು ಬ್ಯಾಡ."

ಸರಿ, ಪಂಚಾಯಿತಿಗಾದರೂ ಅರ್ಜಿ ಕೊಡೋಣ ಅಂದೆ. ಅದಕ್ಕೂ ಸಿಟ್ಟು. "ನನ್ನ ಹೊಲ, ನನ್ನ ರೊಕ್ಕ. ನಡುವ ಇವರದೇನು ಪರವಾನಗಿ?"

ನಿಜ ಹೇಳಬೇಕಂದ್ರೆ ಈ ಪ್ರಶ್ನೆಗೆ ನನ್ನ ಹತ್ತಿರ ತಕ್ಷಣಕ್ಕೆ ಉತ್ತರ ಇರಲಿಲ್ಲ. ಉತ್ತರ ಬಂದಿದ್ದು ಎರಡು ಕಡೆಯಿಂದ.

ಒಂದು, ಸುರಪುರ ಕಡೆಯ ತಾಂಡಾದ ನನ್ನ ಇಂಜಿನಿಯರಿಂಗ್ ಗೆಳೆಯನಿಂದ. ಅವನ ಅಜ್ಜ ಕಟ್ಟಿದ ಮನೆಗೆ ಕರೆಂಟಿತ್ತು, ಮನೆಯವರಿಗೆ ರೇಷನ್ ಕಾರ್ಡಿತ್ತು, ಮತವಿತ್ತು. ಕೆಳಗಿನ ನೆಲಕ್ಕೆ ಮಾತ್ರ ಕಾಗದವಿರಲಿಲ್ಲ. ದಾಖಲೆಯಿಲ್ಲದ ಇಂಥ ಜನವಸತಿಗಳನ್ನ ಕಂದಾಯ ಗ್ರಾಮ ಮಾಡೋ ಕೆಲಸ ನಡೆದು, 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆ ಮಾಡಿದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಐದೂ ಜಿಲ್ಲೆ ಸೇರಿ ಸುಮಾರು 1,475 ವಸತಿಗಳು. ಗೆಳೆಯ ಹೇಳಿದ್ದು ಇಷ್ಟೇ: "ಯಾರ ಪರವಾನಗಿ ಬೇಕು ಅಂತ ಕೇಳಾಕೂ ಕೈಯಾಗ ಒಂದು ಪಹಣಿ ಇರಬೇಕಲೇ." ಅಪ್ಪನ ಸಿಟ್ಟಿನ ಹಿಂದೆ ತಲೆಮಾರಿನಿಂದ ಹೆಸರಲ್ಲಿರೋ ಪಹಣಿ ಇದೆ ಅನ್ನೋದು ನನಗೆ ಹೊಳೆದದ್ದು ಆಗ.

ಇನ್ನೊಂದು ಉತ್ತರ ಪಕ್ಕದ ಹೊಲದವರಿಂದ. ನಾವು ಅರ್ಜಿ ಕೊಟ್ಟ ವಾರಕ್ಕೇ ಅವರು ತಕರಾರು ಹಾಕಿದರು. ನಾವು ಮನೆ ಕಟ್ಟಬೇಕು ಅಂದುಕೊಂಡ ಜಾಗದ ಅಂಚಿನಲ್ಲೇ ಅವರ ಬಂಡಿ ದಾರಿ. ನಕಾಶೆಯಲ್ಲಿ ಅದು ಇಲ್ಲ, ರೂಢಿಯಲ್ಲಿದೆ. ಮನೆ ಬಂದರೆ ಕಂಪೌಂಡ್ ಬರುತ್ತೆ, ಕಂಪೌಂಡ್ ಬಂದರೆ ಅವರ ಹತ್ತಿ, ತೊಗರಿ ಹೊಲದಲ್ಲೇ ಉಳಿಯುತ್ತೆ. ಪಂಚಾಯಿತಿ ಕಟ್ಟೆ ಮೇಲೆ ಆ ಮನುಷ್ಯ ಜಗಳ ಮಾಡಲಿಲ್ಲ. ಅಪ್ಪನನ್ನ ನೋಡಿ "ಅಣ್ಣಾ, ನೀವು ಮನಿ ಕಟ್ರಿ. ನಮ್ಮ ಎತ್ತಿಗೆ ದಾರಿ ಹೇಳ್ರಿ" ಅಂದ.

ಅಪ್ಪ ಏನೂ ಮಾತಾಡದೆ ಎದ್ದು ಹೊಲಕ್ಕೆ ಹೋದರು. ಮರುದಿನ ಸುಣ್ಣದಲ್ಲಿ ಗೆರೆ ಹಾಕಿಸಿದರು, ಮೊದಲು ಗುರುತು ಮಾಡಿದ್ದಕ್ಕಿಂತ 12 ಅಡಿ ಒಳಗೆ. ದಾರಿ ಬಿಟ್ಟಿದ್ದೇವೆ ಅಂತ ಪಂಚಾಯಿತಿಗೆ ಬರೆದು ಕೊಟ್ಟು ಸಹಿ ಹಾಕಿದರು. ಪರವಾನಗಿ ಬಂತು.

ನನಗನ್ನಿಸಿದ್ದು ಇಷ್ಟು. ಪರವಾನಗಿ ಅಂದ್ರೆ ಸರಕಾರ ನಮ್ಮ ಹೊಲದೊಳಗೆ ಕಾಲಿಡೋದು ಅಂತ ನಾವು ತಿಳ್ಕೊಂಡಿರ್ತೀವಿ. ನಮ್ಮ ವಿಷಯದಲ್ಲಿ ಅದು ಪಕ್ಕದವನಿಗೆ ಮಾತಾಡೋಕೆ ಸಿಕ್ಕ ಒಂದು ಅವಕಾಶ ಆಗಿತ್ತು. ಗೋಡೆ ಎದ್ದ ಮೇಲೆ ಕೇಳಿದ್ದರೆ ಅದು ಕೋರ್ಟಿನ ಮಾತಾಗ್ತಿತ್ತು, ನಮ್ಮ ಮಕ್ಕಳ ಕಾಲಕ್ಕೂ ಮುಗೀತಿರಲಿಲ್ಲ. ಹಾಗಂತ ನಿಯಮ ಎಲ್ಲ ಸರಿ ಇದೆ ಅಂತಲ್ಲ. ಹೊಲ ಹೊಲವಾಗೇ ಉಳಿಸಿ ಅಲ್ಲೇ ಇರ್ತೀನಿ ಅನ್ನೋ ರೈತನಿಗೆ ಕಾನೂನು ಬಾಗಿಲು ತೆರೆಯುತ್ತೆ, ಸಾಲದ ಬಾಗಿಲು ಮಾತ್ರ ಮುಚ್ಚಿರುತ್ತೆ. ಎನ್‌ಎ ಮಾಡಿಸಿ ಪ್ಲಾಟ್ ಹಾಕೋನಿಗೆ ಎರಡೂ ತೆರೆದಿರುತ್ತೆ. ಇದು ಯಾವ ನ್ಯಾಯ ಹೇಳಿ?

ಕೊನೆಗೆ ಸಾಲ ಬಿಟ್ಟೆವು, ಎನ್‌ಎ ಬಿಟ್ಟೆವು. ನನ್ನ ಉಳಿತಾಯ, ಅಪ್ಪನ ಎರಡು ವರ್ಷದ ಹತ್ತಿ ದುಡ್ಡು, ಇಷ್ಟರಲ್ಲೇ ಎರಡು ಕೋಣೆ, ಒಂದು ಅಡಿಗೆಮನೆ, ಮುಂದೆ ದನದ ಕೊಟ್ಟಿಗೆ. ನಮ್ಮದು ಎರೆ ನೆಲ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ಮೇಲಿನ ಗೋಡೆಯನ್ನೂ ಸೀಳುತ್ತೆ. ಅದಕ್ಕೇ ಗರಸು ಸಿಗೋವರೆಗೂ ಪಾಯ ತೋಡಿಸ್ತಿದ್ದೀವಿ. ಇವತ್ತಿಗೆ 6 ಅಡಿ ಆಗಿದೆ, ಗರಸು ಇನ್ನೂ ಸಿಕ್ಕಿಲ್ಲ :)

ನಿಮ್ಮೂರ ಕಡೆ ಹೇಗೆ? ಹೊಲದಲ್ಲಿ ಮನೆ ಕಟ್ಟಿದವರು ಯಾರಾದ್ರೂ ಇದ್ದರೆ, ದುಡ್ಡು ಹೊಂದಿಸಿದ್ದು ಹೇಗೆ ಅಂತ ದಯವಿಟ್ಟು ತಿಳಿಸಿ.